ನಂಗವಳ್ಳಿಯಿಂದ ಚೆಟ್ಟಿಪಾಳ್ಯಕ್ಕೆ: ಒಂದು ಮನೆಯ ಕಾರಿನ ಆಯ್ಕೆ

ಸೇಲಂ ಜಿಲ್ಲೆಯ ಮೆಟ್ಟೂರು ತಾಲ್ಲೂಕಿಗೆ ಸೇರಿದ ನಮ್ಮ ನಂಗವಳ್ಳಿ ಒಂದು ಸಣ್ಣ ಪಟ್ಟಣ ಪಂಚಾಯಿತಿ. ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಊರಿಗೆ ಹೆಸರು. ಹೊಲ ಮತ್ತು ಮಗ್ಗಗಳಿಂದ ಊರಿಗೆ ಅನ್ನ. ಉತ್ತರಕ್ಕೆ ಮೇಚೇರಿ, ದಕ್ಷಿಣಕ್ಕೆ ಜಲಕಂಠಾಪುರ, ಪಶ್ಚಿಮಕ್ಕೆ ಕಾವೇರಿಯನ್ನು ತಡೆದು ನಿಂತ ಮೆಟ್ಟೂರು ಅಣೆಕಟ್ಟು. ಶಾಲೆಯಲ್ಲಿ ತಮಿಳನ್ನೂ ಮನೆಯ ಪಡಸಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬಂದಿರುವ ಇಲ್ಲಿನ ಕುಟುಂಬಗಳ ಬಂಧುಬಳಗವು ಇಂದು ಹೊಸೂರು, ಧರ್ಮಪುರಿ, ತಿರುಪ್ಪೂರು, ಕೊಯಮತ್ತೂರು, ಬೆಂಗಳೂರು ಎಂದು ಹಂಚಿಹೋಗಿದೆ. ಮದುವೆ, ಸೀಮಂತ, ಉತ್ತರಕ್ರಿಯೆ ಎಲ್ಲಕ್ಕೂ ನೂರು ಇನ್ನೂರು ಕಿ.ಮೀ. ಪ್ರಯಾಣ ತಪ್ಪದು. ಹಿಂದೆ ಟೌನ್ ಬಸ್ಸು ಹಿಡಿದು, ಓಮಲೂರಿನಲ್ಲೋ ಸೇಲಂನಲ್ಲೋ ಇಳಿದು, ಮತ್ತೊಂದು ಬಸ್ಸಿಗೆ ಕಾದು ನಡೆಯುತ್ತಿದ್ದ ಈ ಓಡಾಟವು ಈಗ ಕಾರನ್ನು ಬೇಡುತ್ತಿದೆ. ಆದುದರಿಂದ ಕಾರಿನ ಆಯ್ಕೆಯೂ ಈ ಪತ್ರಿಕೆಯ ವಾಚಕರಿಗೆ ಒಪ್ಪುವ ವಿಷಯವೆಂದು ಭಾವಿಸಿ ಬರೆಯುತ್ತಿದ್ದೇವೆ.

ನಮ್ಮ ಅಕ್ಕನ ಮಗನಿಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಉದ್ಯೋಗ. ಅಕ್ಕ, ಸೊಸೆ ಮತ್ತು ಆರು ವರ್ಷದ ಮೊಮ್ಮಗಳು ನಂಗವಳ್ಳಿಯಲ್ಲಿದ್ದಾರೆ. ಐದು ಲಕ್ಷ ರೂಪಾಯಿಯೊಳಗೆ ಒಂದು ಹಳೆಯ ಕಾರನ್ನು ಕೊಳ್ಳಬೇಕೆಂದು ಅವನು ನಿಶ್ಚಯಿಸಿದಾಗ ಅದಕ್ಕೆ ಒಂದು ವಿಚಿತ್ರವಾದ ಷರತ್ತನ್ನೂ ಸೇರಿಸಿದನು. ಕಾರು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯವರನ್ನೆಲ್ಲ ಮದುವೆಗೆ ಹೊರಬೇಕು. ಜೊತೆಗೆ ವರ್ಷಕ್ಕೆ ಒಂದೆರಡು ಬಾರಿ ಕೊಯಮತ್ತೂರಿನ ಬಳಿಯ ಚೆಟ್ಟಿಪಾಳ್ಯದ ಮೋಟಾರು ಪಂದ್ಯಪಥದಲ್ಲಿ ಓಡಿಸಲಿಕ್ಕೂ ಯೋಗ್ಯವಾಗಿರಬೇಕು. ಪಂದ್ಯವಿಲ್ಲದ ದಿನಗಳಲ್ಲಿ ಶುಲ್ಕ ಕೊಟ್ಟ ಸಾಮಾನ್ಯ ಜನರೂ ತಮ್ಮ ಸ್ವಂತ ವಾಹನವನ್ನು ಇಂಥ ಪಥದಲ್ಲಿ ಓಡಿಸಲು ಅವಕಾಶ ದೊರೆಯುವುದುಂಟು. ಇದಕ್ಕೆ 'ಟ್ರ್ಯಾಕ್ ಡೇ' ಎಂಬ ಹೆಸರು.

"ಮಾವ, ಎರಡು ಕಾರು ಸಾಕುವ ಶಕ್ತಿ ನನಗಿಲ್ಲ. ಒಂದೇ ಎರಡಕ್ಕೂ ಆಗಬೇಕು" ಎಂದು ಅವನೆಂದನು. "ವೇಗದ ಚಪಲಕ್ಕೆ ದುಡ್ಡನ್ನೂ ಕೊಟ್ಟು ಹೋಗುವುದುಂಟೇ ತಮ್ಮಾ? ನೀನಾದರೂ ಅವನಿಗೆ ಬುದ್ಧಿ ಹೇಳು" ಎಂದು ಅಕ್ಕ ನಮ್ಮನ್ನು ಕೇಳಿಕೊಂಡಳು.

ಅಕ್ಕನ ಭಯ ನಿರಾಧಾರವಾದುದಲ್ಲ. ಹೊಸೂರಿನಿಂದ ನಮ್ಮೂರಿಗೆ ಬರುವವರು ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರಿನ ಘಾಟಿಯನ್ನು ಇಳಿದು, ಮೇಚೇರಿಯ ದಾರಿಗೆ ತಿರುಗಬೇಕು. 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಈ ಇಳಿಜಾರು ಅಪಘಾತಗಳಿಗೆ ಕುಖ್ಯಾತವಾದುದು. ಭಾರ ಹೊತ್ತ ಲಾರಿಗಳು ಇಳಿಜಾರಿನುದ್ದಕ್ಕೂ ಬ್ರೇಕು ಒತ್ತಿ ಒತ್ತಿ, ಬ್ರೇಕು ಕಾದು ಹಿಡಿತ ತಪ್ಪಿ, ಮುಂದಿನ ವಾಹನಗಳ ಮೇಲೆ ಎರಗಿದ ಸುದ್ದಿಯನ್ನು ಈ ಭಾಗದ ಜನ ಮತ್ತೆ ಮತ್ತೆ ಕೇಳಿದ್ದಾರೆ. ಶನಿವಾರ ರಾತ್ರಿ ಮಗ "ಮೇಚೇರಿ ಬಂತಮ್ಮ" ಎಂದು ಫೋನು ಮಾಡುವ ತನಕ ಅಕ್ಕ ಜಗಲಿಯಿಂದ ಏಳುವುದಿಲ್ಲ. ಗೆಳೆಯರ ಕಾರಿನಲ್ಲಿ ಅದೇ ಘಾಟಿಯ ತಿರುವುಗಳಲ್ಲಿ ಲಾರಿಗಳ ನಡುವೆ ನುಸುಳುವುದು ಒಂದು ಕುಶಲತೆಯೆಂದು ತಾನು ಭಾವಿಸಿದ್ದುಂಟೆಂದು ಅವನೇ ಒಮ್ಮೆ ನಮ್ಮೆದುರು ನುಡಿದಿದ್ದನು.

ಅವನ ಕೋರಿಕೆಗೆ ನಾವು ಸಮ್ಮತಿಸಲು ಇದೇ ಕಾರಣವಾಯಿತು. ತರುಣರಲ್ಲಿ ವೇಗದ ಆಸೆ ಇಲ್ಲವೆನ್ನುವುದು ಸುಳ್ಳು. ಅದು ಇದ್ದೇ ಇರುವುದಾದರೆ, ಎದುರಿನಿಂದ ಲಾರಿ ಬಾರದ, ಪಾದಚಾರಿಗಳಿಲ್ಲದ, ನೋಡಿಕೊಳ್ಳುವವರಿರುವ ಒಂದು ಸ್ಥಳದಲ್ಲಿ ತೀರುವುದು ಲೇಸು. ನಾವು ವಿಧಿಸಿದ ಷರತ್ತು ಎರಡೇ: ಕಾರನ್ನು ಮನೆಯವರ ಕ್ಷೇಮಕ್ಕೆ ತಕ್ಕಂತೆ ಮೊದಲು ಆರಿಸಬೇಕು, ಪಂದ್ಯಪಥದ ಯೋಗ್ಯತೆಯನ್ನು ಅನಂತರ ನೋಡಬೇಕು; ಚೆಟ್ಟಿಪಾಳ್ಯಕ್ಕೆ ಹೋಗುವವನು ತೊಪ್ಪೂರಿನಲ್ಲಿ ಆತುರಪಡಕೂಡದು.

ಮನೆಯ ಕಾರು ಪಂದ್ಯಕ್ಕೆ ಇಳಿಯುವುದು ನಮ್ಮ ನಾಡಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯೊಂದು ಮದರಾಸಿನ ಉತ್ತರಕ್ಕೆ ಶೋಳಾವರದಲ್ಲಿತ್ತು. ಅಲ್ಲಿ ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು. ಮದುವೆ ದಿಬ್ಬಣಕ್ಕೆ ಹೂವಿನಿಂದ ಅಲಂಕರಿಸುತ್ತಿದ್ದ ಫಿಯೆಟ್ಟಿನಂಥ ಕಾರುಗಳನ್ನೇ ಹುರಿಗೊಳಿಸಿ ಅಲ್ಲಿ ಓಡಿಸುತ್ತಿದ್ದರು. ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಲ್ಲಿ 'ಡಾಲ್ಫಿನ್' ಎಂಬ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯದು, 848 ಸಿ.ಸಿ. ಎಂಜಿನು, ಎರಡೇ ಬಾಗಿಲು, ನಾರುಗಾಜಿನ ಮೈ. ಸಂಸಾರಸ್ಥರ ಮಾರುಕಟ್ಟೆಯಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಹಗುರವಾದ ಮೈಯ ಕಾರಣದಿಂದ ರ್‍ಯಾಲಿ ಮತ್ತು ಪಂದ್ಯಗಳ ಚಾಲಕರು ಅದನ್ನು ಮೆಚ್ಚಿದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದವರ ಮನೆಯಂಗಳಕ್ಕೆ ಕಾರನ್ನು ತಂದಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಅದೇ ಎಂಜಿನನ್ನು ಬಳಸಿ ಕಡಿಮೆ ಖರ್ಚಿನ ಪಂದ್ಯದ ಕಾರುಗಳನ್ನು ರೂಪಿಸಿ, ಸಾಮಾನ್ಯ ತರುಣರೂ ಪಂದ್ಯ ಕಲಿಯುವ ಹಾದಿಯನ್ನು ತೆರೆದರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. 2003ರಲ್ಲಿ ಚೆಟ್ಟಿಪಾಳ್ಯದಲ್ಲಿ ಆರಂಭವಾದ ಪಥಕ್ಕೆ 'ಕರಿ ಮೋಟಾರ್ ಸ್ಪೀಡ್‌ವೇ' ಎಂಬ ಹೆಸರು ಬಂದುದು ಅವರ ನೆನಪಿಗಾಗಿ. 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ.

ಈಗ ಆಯ್ಕೆಯ ವಿಚಾರ. ಸೋದರಳಿಯನು ಮೂರು ಕಾರುಗಳ ಹೆಸರನ್ನು ಬರೆದು ತಂದನು: ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ, ಟೊಯೋಟಾ ಎಟಿಯೋಸ್. ಮೂರೂ ಪೆಟ್ರೋಲ್ ಕಾರುಗಳು. ನಾವು ತರಗತಿಯಲ್ಲಿ ಮಾಡುವಂತೆ ಕಾಗದದ ಮೇಲೆ ಗೆರೆ ಎಳೆದು ಗುಣದೋಷಗಳನ್ನು ಪಟ್ಟಿ ಮಾಡಿದೆವು.

ಸ್ವಿಫ್ಟ್ ಹಗುರ, ಚುರುಕು. ಅದರ ಬಿಡಿಭಾಗಗಳು ಯಾವ ಪೇಟೆಯಲ್ಲೂ ಸಿಕ್ಕುತ್ತವೆ. ಮಾರುವಾಗ ಬೆಲೆಯೂ ಬರುತ್ತದೆ. ಪಂದ್ಯಪಥದ ದೃಷ್ಟಿಯಿಂದಲೇ ನೋಡಿದರೆ ಅದಕ್ಕೆ ಮೊದಲ ಸ್ಥಾನ ಸಲ್ಲಬಹುದು. ಆದರೆ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯು 2018ರಲ್ಲಿ ಸ್ವಿಫ್ಟಿಗೆ ದೊಡ್ಡವರ ರಕ್ಷಣೆಯಲ್ಲಿ ಐದರಲ್ಲಿ ಎರಡು ತಾರೆಗಳನ್ನು ಮಾತ್ರ ಕೊಟ್ಟಿತು. 2024ರಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ಆರು ಏರ್‌ಬ್ಯಾಗುಗಳಿವೆ. ಅದು ನಮ್ಮ ಹಣದ ಮಿತಿಗೆ ನಿಲುಕುವಂತಿರಲಿಲ್ಲ.

ಪೋಲೊ ಗಟ್ಟಿಮುಟ್ಟಾದುದು. ಎರಡು ಏರ್‌ಬ್ಯಾಗುಗಳಿದ್ದ ಪೋಲೊ 2014ರಲ್ಲಿ ಅದೇ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆಯಿತು. ಏರ್‌ಬ್ಯಾಗು ಇಲ್ಲದ ಪೋಲೊಗೆ ಒಂದೂ ಸಿಗಲಿಲ್ಲ. ಹಳೆಯ ಕಾರು ಕೊಳ್ಳುವವರು ಈ ಮಾತನ್ನು ಗಮನಿಸಬೇಕು: ಹೆಸರು ಒಂದೇ ಆದರೂ ಒಳಗಿನ ರಕ್ಷಣೆ ಒಂದೇ ಆಗಿರುವುದಿಲ್ಲ. ಪೋಲೊ ಕಾರಿನ ತಯಾರಿಕೆ ನಮ್ಮ ದೇಶದಲ್ಲಿ 2022ರಲ್ಲಿ ನಿಂತಿತು. ದುರಸ್ತಿಯ ಖರ್ಚು ಹೆಚ್ಚೆಂಬುದು ಬಳಸಿದವರ ಮಾತು. ಹಿಂದಿನ ಆಸನದಲ್ಲಿ ಮೊಣಕಾಲು ನೋವಿರುವ ಅಕ್ಕನಿಗೆ ಕಾಲು ಚಾಚಲು ಸ್ಥಳ ಸಾಲದು.

ಎಟಿಯೋಸ್ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ತಯಾರಾದ ಕಾರು. 2010ರ ಡಿಸೆಂಬರಿನಲ್ಲಿ ಬಂದು 2020ರಲ್ಲಿ ನಿಂತಿತು. ಬಾಡಿಗೆ ಕಾರೆಂದು ಅದನ್ನು ಹಗುರವಾಗಿ ನೋಡುವವರುಂಟು. ಆದರೆ ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನು 1,496 ಸಿ.ಸಿ.; ಡಿಕ್ಕಿಯ ಸ್ಥಳ 595 ಲೀಟರು, ಅಂದರೆ ಪೋಲೊಗಿಂತ ಎರಡರಷ್ಟಕ್ಕೂ ಮಿಗಿಲು. ಹಿಂದಿನ ಆಸನದ ಮುಂದೆ ನೆಲ ಸಮತಟ್ಟಾಗಿರುವುದರಿಂದ ನಡುವೆ ಕುಳಿತವರಿಗೂ ಕಾಲಿಡಲು ತೊಂದರೆಯಿಲ್ಲ. 2016ರಲ್ಲಿ ಅದಕ್ಕೂ ನಾಲ್ಕು ತಾರೆಗಳು ದೊರೆತವು. ಎಲ್ಲಕ್ಕೂ ಮಿಗಿಲಾಗಿ, ಇದೇ ಎಟಿಯೋಸ್ ಕಾರುಗಳನ್ನು ಸಜ್ಜುಗೊಳಿಸಿ 2013ರಲ್ಲಿ ತರುಣರಿಗಾಗಿ ಪಂದ್ಯಾವಳಿಯನ್ನೇ ನಡೆಸಿದ್ದರು. ಸಂಸಾರದ ಕಾರಿಗೆ ಪಂದ್ಯಪಥದ ಪರಿಚಯವಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡವೆನಿಸಿತು. ವೇಗಮಾಪಕವು ಚಾಲಕನ ಮುಂದಿರದೆ ನಟ್ಟನಡುವೆ ಇರುವುದು ಈ ಕಾರಿನ ವೈಚಿತ್ರ್ಯ. "ಹಾಗಾದರೆ ಹಿಂದೆ ಕುಳಿತವರಿಗೂ ಮುಳ್ಳು ಕಾಣಿಸುತ್ತದೆ ಅನ್ನು. ಇದೇ ಇರಲಿ" ಎಂದು ಅಕ್ಕ ತೀರ್ಪು ಕೊಟ್ಟಳು.

ಹೀಗೆ ಎರಡು ಏರ್‌ಬ್ಯಾಗು ಮತ್ತು ಎಬಿಎಸ್ ಎಂಬ ಬ್ರೇಕಿನ ವ್ಯವಸ್ಥೆಯುಳ್ಳ ಎಟಿಯೋಸ್ ಒಂದನ್ನು ಒಬ್ಬರೇ ಬಳಸಿದ್ದ ಮನೆಯಿಂದ ಕೊಂಡುದಾಯಿತು. ನಾಲ್ಕು ಟೈರುಗಳನ್ನೂ ಹೊಸದಾಗಿ ಹಾಕಿಸಿದೆವು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ನೋಡಲು ಹೊಸದಾಗಿ ಕಾಣುವ ಟೈರೂ ವಯಸ್ಸಾದುದಾಗಿರಬಹುದೆಂಬುದನ್ನು ವಾಚಕರು ನೆನಪಿಡಬೇಕು. ಮುಂದಿನ ಬ್ರೇಕಿನ ಪ್ಯಾಡುಗಳನ್ನು ಬದಲಿಸಿ, ಬ್ರೇಕಿನ ಹಳೆಯ ದ್ರವವನ್ನು ತೆಗೆದು ಹೊಸದನ್ನು ತುಂಬಿಸಲಾಯಿತು. ಎಂಜಿನಿಗೆ ಏನನ್ನೂ ಮಾಡಿಸಲಿಲ್ಲ. ಕಾರನ್ನು ತಗ್ಗಿಸುವುದು, ಸದ್ದಿನ ಕೊಳವೆ ಜೋಡಿಸುವುದು ಇತ್ಯಾದಿ ಸಲಹೆಗಳನ್ನು ಕೊಟ್ಟ ಗೆಳೆಯರನ್ನು ಸೋದರಳಿಯನು ನಯವಾಗಿ ಹಿಂದೆ ಕಳುಹಿಸಿದನು.

ಒಂದು ಭಾನುವಾರ ಬೆಳಗಿನ ನಾಲ್ಕೂವರೆಗೆ ಐವರೂ ಹೊರಟೆವು. ನಂಗವಳ್ಳಿಯಿಂದ ಚೆಟ್ಟಿಪಾಳ್ಯಕ್ಕೆ ನೂರಾ ಅರವತ್ತು ಕಿ.ಮೀ.ಗೂ ಮಿಕ್ಕ ದಾರಿ. ಆ ದಾರಿಯೇ ಕಾರಿಗೆ ಒಂದು ಪರೀಕ್ಷೆ. ಜಲಕಂಠಾಪುರದ ತನಕ ಕಿರಿದಾದ ರಸ್ತೆ, ಮನೆಮನೆಯ ಮುಂದೆ ರಸ್ತೆಯುಬ್ಬು. ಐವರ ಭಾರದಲ್ಲಿಯೂ ಕಾರಿನ ಹೊಟ್ಟೆ ನೆಲಕ್ಕೆ ತಾಗಲಿಲ್ಲ. ಕಾರನ್ನು ತಗ್ಗಿಸಿದ್ದರೆ ಮೊದಲ ಉಬ್ಬಿನಲ್ಲಿಯೇ ಪಂದ್ಯ ಮುಗಿಯುತ್ತಿತ್ತು. ಎಡಪ್ಪಾಡಿಯಲ್ಲಿ ಆ ಹೊತ್ತಿಗೇ ವಿದ್ಯುತ್ ಮಗ್ಗಗಳ ಸದ್ದು ಬೀದಿಗೆ ಕೇಳಿಸುತ್ತಿತ್ತು. ಬೆಳಕು ಹರಿಯುವಾಗ ಸಂಕಗಿರಿಯ ಕೋಟೆಬೆಟ್ಟ ಕಾಣಿಸಿತು. ಬ್ರಿಟಿಷರನ್ನು ಎದುರಿಸಿದ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದುದು ಈ ಕೋಟೆಯಲ್ಲಿಯೇ ಎಂದು ಮಗುವಿಗೆ ತಿಳಿಸಿದೆವು. ಇಂದಿನ ಸಂಕಗಿರಿ ಲಾರಿಗಳ ಊರು. ಸಾಲುಸಾಲಾಗಿ ನಿಂತ ಲಾರಿಗಳನ್ನು ಕಂಡು "ಇವೆಲ್ಲ ತೊಪ್ಪೂರಿಗೇ ಬರುತ್ತವೇನೋ" ಎಂದು ಅಕ್ಕ ನಿಟ್ಟುಸಿರುಬಿಟ್ಟಳು.

ಸಂಕಗಿರಿಯಿಂದ ಮುಂದೆ ಕೊಚ್ಚಿಗೆ ಹೋಗುವ ಅಗಲವಾದ ಹೆದ್ದಾರಿ. ಭವಾನಿಯ ಬಳಿ ಸೇತುವೆಯ ಮೇಲೆ ಕಾವೇರಿಯನ್ನು ದಾಟುವಾಗ, ಕೊಡಗಿನಲ್ಲಿ ಹುಟ್ಟಿ ನಮ್ಮ ಮೆಟ್ಟೂರನ್ನು ಹಾದು ಬಂದ ನೀರಿಗೆ ಎಲ್ಲರೂ ಕೈಮುಗಿದೆವು. ಸಂಗಮೇಶ್ವರನ ಸನ್ನಿಧಿಗೂ ಜಮಖಾನಗಳಿಗೂ ಹೆಸರಾದ ಆ ಊರಿನಲ್ಲಿ ನಿಲ್ಲಲು ಸಮಯವಿರಲಿಲ್ಲ. ಪೆರುಂದುರೈ, ಅವಿನಾಶಿಗಳ ನಡುವೆ ಸೋದರಳಿಯನು ಎಂಬತ್ತನ್ನು ಮೀರಲಿಲ್ಲ. ಹಿಂದಿನಿಂದ ಒಂದು ಜೊತೆ ಕಣ್ಣು ಮುಳ್ಳನ್ನೇ ನೋಡುತ್ತಿದ್ದುದು ಅದಕ್ಕೆ ಒಂದು ಕಾರಣವಿರಬಹುದು. ಮುಂದೆ ಕೊಯಮತ್ತೂರಿನ ಪೇಟೆಯೊಳಗೆ ಹೋಗದೆ ನೀಲಾಂಬೂರಿನ ಬಳಿ ಬೈಪಾಸ್ ಹಿಡಿದು ಚೆಟ್ಟಿಪಾಳ್ಯವನ್ನು ಸೇರಿದೆವು.

ಪಥವು ಎರಡು ಕಿ.ಮೀ.ಗೆ ತುಸು ಮಿಕ್ಕ ಉದ್ದದ್ದು. ನಮ್ಮ ಕಲ್ಪನೆಯಲ್ಲಿದ್ದುದು ಗದ್ದಲದ ಜಾತ್ರೆ; ಕಂಡುದು ಒಂದು ಶಿಸ್ತಿನ ಶಾಲೆ. ಮೊದಲು ಕಾರಿನ ತಪಾಸಣೆ: ಟೈರು, ಬ್ರೇಕು, ಎಣ್ಣೆಯ ಸೋರಿಕೆ, ಬ್ಯಾಟರಿಯ ಬಿಗಿತ. ಡಿಕ್ಕಿಯಲ್ಲಿದ್ದುದನ್ನೆಲ್ಲ ಇಳಿಸಬೇಕು, ಆಸನದ ಕೆಳಗೆ ಉರುಳುವ ನೀರಿನ ಬಾಟಲಿಯೊಂದು ಬ್ರೇಕಿನ ಪೆಡಲಿನಡಿ ಸಿಕ್ಕಿದರೂ ಅನಾಹುತ. ಹೆಲ್ಮೆಟ್ಟು, ತುಂಬುತೋಳಿನ ಹತ್ತಿಬಟ್ಟೆ, ಷೂಗಳು ಕಡ್ಡಾಯ. ಅನಂತರ ಪಾಠ: ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕಬಾರದು, ಕೆಂಪು ಕಂಡರೆ ಓಟ ನಿಲ್ಲಿಸಿ ನಿಧಾನವಾಗಿ ಮರಳಬೇಕು, ನೀಲಿ ಕಂಡರೆ ಹಿಂದಿನ ವೇಗದ ಕಾರಿಗೆ ದಾರಿ ಬಿಡಬೇಕು, ಚೌಕಳಿ ಬಾವುಟಕ್ಕೆ ಓಟ ಮುಗಿಯಿತು. ಯಾರು ಮೊದಲೆಂಬ ಲೆಕ್ಕ ಅಲ್ಲಿ ಇಲ್ಲ. ಕಾರುಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ, ಕೆಲವು ನಿಮಿಷಗಳ ಅವಧಿಗೆ ಮಾತ್ರ ಬಿಡುತ್ತಿದ್ದರು.

ಸೋದರಳಿಯನು ಮೊದಲ ಕೆಲವು ಸುತ್ತುಗಳನ್ನು ಉತ್ಸಾಹದಿಂದ ಮುಗಿಸಿದನು. ಐದಾರನೆಯ ಸುತ್ತಿನಲ್ಲಿ ಕಾರು ಒಮ್ಮೆಗೇ ನಿಧಾನವಾಗಿ ಒಳಗೆ ಬಂದಿತು. "ಪೆಡಲು ಮೆತ್ತಗಾಯಿತು ಮಾವ, ಒತ್ತಿದಷ್ಟು ನಿಲ್ಲುತ್ತಿಲ್ಲ" ಎಂದನು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಹೊಸ ಪ್ಯಾಡು, ಹೊಸ ದ್ರವ ಇದ್ದರೂ ಹೀಗೇಕೆ? ವಿಜ್ಞಾನದ ಪಾಠದಲ್ಲಿ ನಾವು ವರ್ಷಾವರ್ಷ ಹೇಳುವ ಸಂಗತಿಯೇ ಇದು. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು. 40 ಕಿ.ಮೀ. ವೇಗದ ಕಾರನ್ನು ನಿಲ್ಲಿಸುವಾಗ ಬ್ರೇಕಿನಲ್ಲಿ ಹುಟ್ಟುವ ಶಾಖಕ್ಕಿಂತ 80ರಿಂದ ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಕು ಪಟ್ಟು. ಆ ಶಾಖ ಆರುವ ಮುನ್ನ ಮತ್ತೆ ಮತ್ತೆ ಒತ್ತಿದರೆ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ, ದ್ರವವು ಕುದಿದು ಗುಳ್ಳೆಗಟ್ಟುತ್ತದೆ. ಗುಳ್ಳೆಯನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. 'ಡಾಟ್ 4' ಎಂಬ ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಂಟಿಗ್ರೇಡಿನ ತನಕ ಕುದಿಯಬಾರದು. ಗಾಳಿಯ ತೇವ ಹೀರಿ ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಹಳೆಯ ದ್ರವದೊಡನೆ ಬಂದಿದ್ದರೆ ಪೆಡಲು ಇನ್ನೂ ಬೇಗನೆ ಸೋಲುತ್ತಿತ್ತು.

ಅಲ್ಲಿದ್ದ ತರಬೇತುದಾರರು ಕೈಬ್ರೇಕು ಹಾಕದೆ ಕಾರನ್ನು ಆರಲು ಬಿಡುವಂತೆ ತಿಳಿಸಿ, ಅವನೊಡನೆ ಬಹಳ ಹೊತ್ತು ಮಾತನಾಡಿದರು. ಬ್ರೇಕನ್ನು ನೇರವಾದ ದಾರಿಯಲ್ಲಿಯೇ ಒತ್ತಿ ಮುಗಿಸಬೇಕು, ತಿರುವಿನೊಳಗೆ ಒತ್ತಬಾರದು, ಎರಡು ಮೂರು ಸುತ್ತು ಓಡಿದ ಮೇಲೆ ಒಂದು ಸುತ್ತು ನಿಧಾನವಾಗಿ ಬಂದು ಬ್ರೇಕನ್ನು ತಣಿಸಬೇಕು. ಮಧ್ಯಾಹ್ನದ ಸರದಿಯಲ್ಲಿ ಅವನು ಹಾಗೆಯೇ ಮಾಡಿದನು. ಪೆಡಲು ಕೊನೆಯ ತನಕ ಗಟ್ಟಿಯಾಗಿತ್ತು. "ತೊಪ್ಪೂರಿನಲ್ಲಿ ಲಾರಿಯವರಿಗೆ ಆಗುವುದು ಇದೇ ಅಲ್ಲವೇ ಮಾವ?" ಎಂದು ಅವನೇ ಕೇಳಿದನು. ಅದೇ ಎಂದೆವು. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಫಲಕವನ್ನು ಅವನು ನೂರು ಬಾರಿ ಓದಿದ್ದಾನು. ಅದರ ಅರ್ಥ ಕಾಲಿಗೆ ತಿಳಿದುದು ಆ ದಿನ.

ಸೊಸೆಯೂ ಕಾರು ಬಲ್ಲವಳು. ಮಗುವನ್ನು ಶಾಲೆಗೆ ಬಿಡುವವಳು ಅವಳೇ. ತರಬೇತುದಾರರು ಅವಳನ್ನೂ ಕೂರಿಸಿ, ಖಾಲಿಯಾದ ನೇರದಾರಿಯಲ್ಲಿ ಅರವತ್ತರ ವೇಗಕ್ಕೆ ತಂದು, ಬ್ರೇಕನ್ನು ಪೂರ್ತಿ ಬಲದಿಂದ ಒತ್ತುವಂತೆ ಹೇಳಿದರು. ಎಬಿಎಸ್ ಕೆಲಸ ಮಾಡುವಾಗ ಪೆಡಲು ಪಾದದಡಿ ಗಡಗಡನೆ ನಡುಗುತ್ತದೆ. ಮೊದಲ ಬಾರಿ ಅವಳು ಬೆದರಿ ಕಾಲನ್ನು ತೆಗೆದುಬಿಟ್ಟಳು. ಮೂರನೆಯ ಬಾರಿಗೆ ಕಾಲು ತೆಗೆಯದೆ, ಸ್ಟೀರಿಂಗನ್ನೂ ತಿರುಗಿಸಿ ಅಡ್ಡವಿಟ್ಟಿದ್ದ ಗುರುತನ್ನು ತಪ್ಪಿಸಿದಳು. ಚಕ್ರಗಳು ಬಿಗಿದು ಜಾರದಂತೆ ತಡೆದು, ನಿಲ್ಲಿಸುವಾಗಲೂ ತಿರುಗಿಸಲು ಬರುವಂತೆ ಮಾಡುವುದೇ ಎಬಿಎಸ್‌ನ ಕೆಲಸ. 2019ರ ಏಪ್ರಿಲಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿದ್ದಾರೆ. ಆದರೆ ಅದು ನಡುಗುವುದು ಹೇಗೆಂದು ಅರಿಯದೆ ಕಾಲು ತೆಗೆದರೆ, ಇದ್ದೂ ಇಲ್ಲದಂತೆ. ಇಡೀ ದಿನದ ಖರ್ಚು ಈ ಒಂದು ಪಾಠಕ್ಕೇ ಸಂದಿತೆಂದು ನಮ್ಮ ಅಭಿಪ್ರಾಯ.

ಹೊರಡುವ ವಾಚಕರಿಗೆ ಇನ್ನೆರಡು ಎಚ್ಚರಿಕೆಯ ಮಾತುಗಳು. ನಮ್ಮ ಕಾರುಗಳ ವಿಮಾ ಪತ್ರದಲ್ಲಿ ಸಂಘಟಿತ ಪಂದ್ಯ, ವೇಗಪರೀಕ್ಷೆ ಮುಂತಾದ ಬಳಕೆಗಳನ್ನು ಹೊರಗಿಟ್ಟಿರುತ್ತಾರೆ. ಆದ್ದರಿಂದ ಪಥದಲ್ಲಿ ಕಾರು ಜಖಂಗೊಂಡರೆ ವಿಮೆಯ ಹಣ ಬರುವುದೆಂದು ನಂಬಕೂಡದು; ನಷ್ಟ ಮನೆಯದೇ. ಆ ನಷ್ಟವನ್ನು ಹೊರಲಾರದ ಕಾರನ್ನು, ಕಂತು ತೀರದ ಕಾರನ್ನು ಪಥಕ್ಕೆ ಇಳಿಸುವುದು ಸಂಸಾರಸ್ಥರಿಗೆ ತರವಲ್ಲ. ಸೋದರಳಿಯನು ಸಾಲವಿಲ್ಲದೆ ಹಳೆಯ ಕಾರನ್ನು ಕೊಂಡುದರ ಹಿಂದೆ ಈ ವಿವೇಚನೆಯೂ ಇತ್ತು. ಎರಡನೆಯದು: ಸರಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ವಿಧಿಯಂತೆ ಶಿಕ್ಷಾರ್ಹ. ಪಥದಿಂದ ಮರಳುವಾಗ ಕಾಲಿನಲ್ಲಿ ವೇಗದ ಗುಂಗು ಉಳಿದಿರುತ್ತದೆ. ಮರಳುವ ದಾರಿಯಲ್ಲಿ ಬೇರೊಬ್ಬರು ಚಾಲನೆ ಮಾಡುವುದು ಉಚಿತ. ನಮ್ಮನ್ನು ನಂಗವಳ್ಳಿಗೆ ಮುಟ್ಟಿಸಿದವಳು ಸೊಸೆ.

ಅದಾದ ಮೇಲೆ ಕಾರು ಮೂರು ಮದುವೆಗಳಿಗೆ ಹೋಗಿಬಂದಿದೆ, ಡಿಕ್ಕಿಯಲ್ಲಿ ನೂಲಿನ ಮೂಟೆಯನ್ನೂ ಹೊತ್ತಿದೆ. ಸೋದರಳಿಯನು ಘಾಟಿಯನ್ನು ಇಳಿಯುವ ಮುನ್ನ ಗೇರು ತಗ್ಗಿಸಿ ಲಾರಿಗಳಿಂದ ದೂರ ಉಳಿಯುತ್ತಾನೆಂದು ಒಮ್ಮೆ ಅವನೊಡನೆ ಬಂದಾಗ ನಾವೇ ಕಂಡೆವು. ಅಕ್ಕ ಈಗಲೂ ಶನಿವಾರ ರಾತ್ರಿ ಜಗಲಿಯಲ್ಲಿ ಕೂರುತ್ತಾಳೆ. ತಾಯಿಯ ಮನಸ್ಸು ಒಂದು ಪ್ರಯಾಣದಿಂದ ಬದಲಾಗುವಂಥದಲ್ಲ. ಆದರೆ ಮುಂದಿನ ಬಾರಿ ಚೆಟ್ಟಿಪಾಳ್ಯಕ್ಕೆ ಯಾವಾಗ ಎಂದು ಕೇಳಿದವಳು ಅವಳೇ. ಗಡಿನಾಡಿನ ಇತರ ಕುಟುಂಬಗಳವರು ತಮ್ಮ ಮನೆಗೆ ಯಾವ ಕಾರನ್ನು ಯಾವ ಕಾರಣದಿಂದ ಆರಿಸಿದರೆಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ ಕೊಳ್ಳಲಿರುವವರಿಗೆ ಉಪಕಾರವಾದೀತು.